ಅಕ್ಕನಿಗೆ ದೊಗಳೆಯಾದ ಬಟ್ಟೆಗಳು

ಅಕ್ಕ ತೆಳ್ಳಗಾದಾಗಲೆಲ್ಲ ಗುಂಡಿಗೆ ಒಂದು ಚೀಲ ಬಟ್ಟೆ ಬರುತ್ತಿತ್ತು.

ಗುಂಡಿ ಅನ್ನುವುದು ತಂಗಿಯ ನಿಜವಾದ ಹೆಸರೇನಲ್ಲ. ಹುಟ್ಟಿದಾಗ ಚೆಂಡಿನ ಹಾಗಿದ್ದಳಂತೆ, ನಾಲ್ಕು ವರ್ಷದ ಅಕ್ಕ ತೊಟ್ಟಿಲೊಳಗೆ ಇಣುಕಿ 'ಗುಂಡಿ' ಅಂದಳಂತೆ, ಮನೆಯವರೆಲ್ಲ ನಕ್ಕರಂತೆ. ಅಷ್ಟಕ್ಕೇ ಅದು ಅಂಟಿಕೊಂಡಿತು. ಈಗ ನಲವತ್ತು ಹತ್ತಿರ ಬಂದಿದ್ದರೂ, ಮದುವೆಯೊಂದನ್ನು ಮಾಡಿಕೊಂಡು, ಅದನ್ನು ಮುರಿದುಕೊಂಡು, ಅಮ್ಮನ ಜೊತೆ ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಬಂದು ನಿಂತಿದ್ದರೂ, ಡ್ರೈವಿಂಗ್ ಸ್ಕೂಲಿನಲ್ಲಿ ಊರಿಗೆಲ್ಲ ಕಾರು ಕಲಿಸುತ್ತಿದ್ದರೂ, ಗುಂಡಿ ಗುಂಡಿಯೇ.

ಅಕ್ಕನ ಗಂಡನಿಗೆ ಸೋಫಾ, ಮಂಚ, ಕಪಾಟು ಮಾರುವ ದೊಡ್ಡ ಅಂಗಡಿ. ಅಕ್ಕನಿಗೆ ಬೇಕೆಂದರೆ ಮಾಡಲು ನೂರು ಕೆಲಸವಿತ್ತು. ಅವಳು ಆರಿಸಿಕೊಂಡದ್ದು ಒಂದೇ: ತೆಳ್ಳಗಾಗುವುದು. ಒಂದು ವರ್ಷ ಬರೀ ಸೂಪು. ಇನ್ನೊಂದು ವರ್ಷ ಬೇಯಿಸಿದ ಎಲೆಕೋಸು. ಆಗ ಅವಳ ಮನೆಯ ಪರದೆಗಳೂ ಕೋಸಿನ ವಾಸನೆ ಹೊಡೆಯುತ್ತಿದ್ದವು. ಮತ್ತೊಂದು ವರ್ಷ ಮನೆಗೇ ಬಂದು ಕುಣಿಸಿ ಹೋಗುವ ಟ್ರೈನರ್. ಇಳಿಯುತ್ತಿದ್ದಳು, ಸುಳ್ಳಲ್ಲ. ಇಳಿದಷ್ಟೇ ಶ್ರದ್ಧೆಯಿಂದ ಮತ್ತೆ ಏರುತ್ತಿದ್ದಳು. ಏರಿದ ಕಾಲದಲ್ಲಿ ತಂಗಿಯ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ, ಫೋನಿನಲ್ಲೇ ಯೋಗಕ್ಷೇಮ. ಇಳಿದಳೋ, ಆ ವಾರವೇ ಚೀಲ ಹಿಡಿದು ಪ್ರತ್ಯಕ್ಷ.

ಈ ಸಲ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಗುಂಡಿ ಇನ್ನೂ ನೈಟಿಯಲ್ಲಿದ್ದಳು.

“ಅಮ್ಮಾ, ಇಲ್ಲಿ ನೋಡು,” ಅಂತ ಅಕ್ಕ ಕೋಣೆಯ ನಡುವೆ ನಿಂತು, ಪ್ಯಾಂಟಿನ ಸೊಂಟಕ್ಕೆ ಹೆಬ್ಬೆರಳು ಸಿಕ್ಕಿಸಿ ಮುಂದಕ್ಕೆ ಜಗ್ಗಿದಳು. “ಇದರೊಳಗೆ ಒಂದು ಬೆಕ್ಕಿನ ಮರಿ ತುರುಕಬಹುದು.”

“ಅಯ್ಯೋ ನನ್ನ ಕಂದ, ಎಷ್ಟು ಸೊರಗಿಬಿಟ್ಟಿದ್ದೀಯೇ!” ಅಂದಳು ಅಮ್ಮ. ಅದು ಮರುಕವಲ್ಲ, ಹೊಗಳಿಕೆ ಅನ್ನುವುದು ಮೂವರಿಗೂ ಗೊತ್ತಿತ್ತು.

ಗುಂಡಿ ಟೀ ಕುಡಿಯುತ್ತ ನೋಡಿದಳು. ಕರಗುವುದೇ ದೊಡ್ಡ ಸಾಧನೆಯಾದರೆ ಬಚ್ಚಲಲ್ಲಿರುವ ಸಾಬೂನಿಗೆ ಮೊದಲು ಪದಕ ಕೊಡಬೇಕು, ಅಂದುಕೊಂಡಳು. ಅಕ್ಕನೆದುರು ಅವಳ ಬಾಯಿ ಎಂದೂ ತೆರೆದದ್ದಿಲ್ಲ. ಒಳಗೊಳಗೇ ಉಗಿದು ಉಗಿದು ಅವಳಿಗೆ ಅಭ್ಯಾಸವಾಗಿತ್ತು.

ಅಕ್ಕ ಚೀಲವನ್ನು ಮಂಚದ ಮೇಲೆ ಸುರಿದಳು. ಎರಡು ಪ್ಯಾಂಟು, ಒಂದು ಬೂದು ಬಣ್ಣದ ಸ್ಕರ್ಟು, ಒಂದು ಕಂದು ಬಣ್ಣದ ಉಣ್ಣೆ ಕೋಟು. “ಇದೆಲ್ಲ ನನಗೆ ದೊಗಳೆ ಆಗಿಬಿಟ್ಟಿದೆ ಕಣೇ. ನಿನಗೆ ಸರಿಯಾಗಿ ಕೂರುತ್ತೆ.”

ಪ್ರತಿ ಸಲವೂ ಇದೇ ಮಾತು, ಇದೇ ದನಿ. ದಾನ ಕೊಡುವವಳು ತಟ್ಟೆಯ ಶಬ್ದವನ್ನೂ ಕೇಳಿಸಿಯೇ ಕೊಡುತ್ತಾಳೆ. ಗುಂಡಿ ಮಾತ್ರ “ಇರಲಿ ಬಿಡು” ಅಂದು ಎತ್ತಿಟ್ಟುಕೊಂಡಳು. ಬಟ್ಟೆ ಒಳ್ಳೆಯದೇ ಇರುತ್ತಿತ್ತು. ಅಂಗಡಿಗೆ ಹೋಗಿ ಆರಿಸುವುದೆಂದರೆ ಅವಳಿಗೆ ಬೇಸರ. ವರ್ಷಗಳಿಂದ ತನಗೆಂದು ಒಂದು ಅಂಗಿ ಕೊಂಡವಳಲ್ಲ. ಸಂಜೆ ಕನ್ನಡಿಯ ಮುಂದೆ ಕೋಟು ಹಾಕಿ ನೋಡಿದಳು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಅವಳ ಹೊಟ್ಟೆ ಉರಿದದ್ದು ಅದಕ್ಕೇ. ಅಕ್ಕನ ಮಾತು ಸುಳ್ಳಾಗಿದ್ದರೆ ನಕ್ಕುಬಿಡಬಹುದಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಡ್ರೈವಿಂಗ್ ಸ್ಕೂಲಿನಲ್ಲಿ ಸ್ಕೂಟರ್ ಕಲಿಸುತ್ತಿದ್ದವನು ಹೇಳದೆ ಕೇಳದೆ ಬೇರೆ ಕೆಲಸಕ್ಕೆ ಹೋದ. ಯಜಮಾನರು ಗುಂಡಿಯನ್ನು ಕರೆದು, “ಹೊಸಬರು ಸಿಗೋವರೆಗೆ ಬೆಳಗಿನ ಸ್ಕೂಟರ್ ಬ್ಯಾಚು ನೀವೇ ನೋಡ್ಕೊಳ್ಳಿ,” ಅಂದರು. ಹೊಸಬರು ಸಿಗಲಿಲ್ಲ, ಯಾಕೆಂದರೆ ಅವರು ಹುಡುಕಲೇ ಇಲ್ಲ. ಕಾರು ಕಲಿಸುವುದೆಂದರೆ ಪಕ್ಕದ ಸೀಟಿನಲ್ಲಿ ಕೂತು, ಕಾಲ ಕೆಳಗೆ ಇನ್ನೊಂದು ಬ್ರೇಕು ಇಟ್ಟುಕೊಂಡು, ಕಲಿಯುವವರ ಪೆದ್ದುತನವನ್ನು ಆರಾಮವಾಗಿ ನೋಡುವ ಕೆಲಸ. ಸ್ಕೂಟರ್ ಹಾಗಲ್ಲ. ಹಿಂದಿನ ಹಿಡಿಕೆ ಹಿಡಿದು ಓಡಬೇಕು. ಮುಚ್ಚಿಹೋದ ಕಾರ್ಖಾನೆಯೊಂದರ ಹಿಂದೆ ಮಣ್ಣಿನ ಮೈದಾನ. ಅದರ ಸುತ್ತ ಗುಂಡಿ ಓಡಿದಳು. ಮೊದಲ ವಾರ ಎದೆ ಒಡೆದುಹೋಗುತ್ತದೆ ಅನ್ನಿಸಿತು. ವಾಪಸ್ಸು ಬಂದು ಬೆಂಚಿನ ಮೇಲೆ ಬಿದ್ದುಕೊಂಡರೆ, ಕೌಂಟರಿನಲ್ಲಿ ಕೂರುವ ಕ್ಯಾಷಿಯರಮ್ಮ, ಅವಳೂ ಮೈಕೈ ತುಂಬಿಕೊಂಡವಳೇ, ನೀರಿನ ಲೋಟ ಕೊಟ್ಟು, “ಪ್ರಾಣ ಇದೆಯಾ ಹೋಯ್ತಾ?” ಅಂತ ವಿಚಾರಿಸುತ್ತಿದ್ದಳು.

ಕಲಿಯಲು ಬರುತ್ತಿದ್ದವರ ಮೇಲೆ ಗುಂಡಿಗೆ ಕಿಂಚಿತ್ತೂ ಗೌರವವಿರಲಿಲ್ಲ. ಅವರಲ್ಲೆಲ್ಲ ಕೈಲಾಗದವಳು ಹಲ್ಲಿನ ಡಾಕ್ಟರಮ್ಮ. ದಿನವೆಲ್ಲ ಜನರ ಬಾಯೊಳಗೆ ಕೈ ಹಾಕಿ ಬೇರು ಸಮೇತ ಕೀಳುವ ಹೆಂಗಸು, ಸ್ಕೂಟರ್ ಹತ್ತಿದ ತಕ್ಷಣ ಮಗುವಾಗಿಬಿಡುತ್ತಿದ್ದಳು.

“ಬಿಡಬೇಡಿ, ಬಿಡಬೇಡಿ!”

“ಬಿಟ್ಟಿಲ್ಲ.”

“ಹಿಡ್ಕೊಂಡಿದ್ದೀರಾ?”

“ಹಿಡ್ಕೊಂಡೇ ಸಾಯ್ತಿದ್ದೀನಿ. ಮುಂದೆ ನೋಡಿ ಓಡಿಸಿ!”

ತಿಂಗಳುಗಟ್ಟಲೆ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಗುಂಡಿ ಅಕ್ಕನ ಚೀಲದಲ್ಲಿ ಬಂದಿದ್ದ ಕರಿ ಪ್ಯಾಂಟು ಹಾಕಿಕೊಂಡು ಬಂದಿದ್ದಳು. ಡಾಕ್ಟರಮ್ಮನ ಹಿಂದೆ ಮೈದಾನದ ತಿರುವಿನವರೆಗೆ ಓಡಿದ್ದಾಳೋ ಇಲ್ಲವೋ, ಸೊಂಟದಲ್ಲಿದ್ದ ಪ್ಯಾಂಟು ಜರ್ರನೆ ಜಾರಿತು. ಎಡಗೈಯಲ್ಲಿ ಪ್ಯಾಂಟು, ಬಲಗೈಯಲ್ಲಿ ಸ್ಕೂಟರು. ನಾಲ್ಕು ಹೆಜ್ಜೆ ಹಾಗೇ ಕುಂಟಿಕೊಂಡು ಓಡಿದಳು. ಪ್ಯಾಂಟು ಇನ್ನೂ ಇಳಿಯಿತು. ಮರ್ಯಾದೆಯೋ ಡಾಕ್ಟರಮ್ಮನೋ ಅನ್ನುವ ಪ್ರಶ್ನೆ ಬಂದಾಗ ಗುಂಡಿ ಹೆಚ್ಚು ಯೋಚಿಸಲಿಲ್ಲ. ಸ್ಕೂಟರನ್ನು ಬಿಟ್ಟು ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡಳು.

“ಹಿಡ್ಕೊಂಡಿದ್ದೀರಾ?” ಅಂತ ದೂರದಿಂದ ಕೂಗು ಬಂತು.

“ಹಿಡ್ಕೊಂಡಿದ್ದೀನಿ!” ಅಂದಳು ಗುಂಡಿ. ಸುಳ್ಳೇನೂ ಅಲ್ಲ.

ಡಾಕ್ಟರಮ್ಮ ಒಂಟಿಯಾಗಿ ಮೈದಾನ ಒಂದು ಸುತ್ತು ಹಾಕಿದಳು. ಎದುರಿಗೆ ಬರುವಾಗ, ಹಿಂದೆ ಇರಬೇಕಾದವಳು ಮುಂದೆ ನಿಂತಿರುವುದು ಕಂಡು ಕಿರುಚಿ, ಬೇಲಿಗೆ ಗುದ್ದಿ ಬಿದ್ದಳು. ಪೆಟ್ಟೇನೂ ಆಗಲಿಲ್ಲ. ಎದ್ದವಳೇ, “ನಾನೇ ಓಡಿಸಿದೆ! ನಾನೊಬ್ಬಳೇ!” ಅಂತ ಕುಣಿದಳು. ಗುಂಡಿಗೆ ಅವಳ ಕಡೆ ಲಕ್ಷ್ಯವೇ ಇಲ್ಲ. ಸೊಂಟದ ಪಟ್ಟಿಯೊಳಗೆ ತನ್ನ ಮುಷ್ಟಿ ಹಾಕಿ ನೋಡುತ್ತಿದ್ದಳು. ಮುಷ್ಟಿ ಹೋಗಿ, ಇನ್ನೂ ಜಾಗ ಉಳಿಯಿತು.

ಮನೆಯಲ್ಲಿ ತೂಕ ನೋಡುವ ಯಂತ್ರ ಇರಲಿಲ್ಲ. ಅವಳಿಗೆ ಬೇಕಾಗಲೂ ಇಲ್ಲ. ಬಾಗಿಲು ಹಾಕಿಕೊಂಡು ಅಕ್ಕನ ಬಟ್ಟೆಗಳನ್ನು ಒಂದೊಂದಾಗಿ ತೊಟ್ಟು ನೋಡಿದಳು. ಕೋಟಿನ ಭುಜ ತೋಳಿಗಿಳಿದಿತ್ತು. ಬೂದು ಸ್ಕರ್ಟು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ತಿರುಗಿ, ಪಕ್ಕದ ಜಿಪ್ಪು ಹೊಕ್ಕುಳ ಮುಂದೆ ಬಂದು ನಿಲ್ಲುತ್ತಿತ್ತು. ಇಷ್ಟು ದಿನ ನೈಟಿಯಲ್ಲೂ, ಸ್ಕೂಲಿನವರು ಕೊಟ್ಟ ಜೋಲು ಅಂಗಿಯಲ್ಲೂ ಏನೂ ಗೊತ್ತಾಗಿರಲಿಲ್ಲ. ಕನ್ನಡಿಯ ಮುಂದೆ ಅವಳು ಸೊಂಟದ ಪಟ್ಟಿಗೆ ಹೆಬ್ಬೆರಳು ಸಿಕ್ಕಿಸಿ, ಥೇಟು ಅಕ್ಕನ ಹಾಗೆ, ಮುಂದಕ್ಕೆ ಜಗ್ಗಿದಳು. ತಕ್ಷಣ ನಾಚಿಕೆಯಾಗಿ ಬಿಟ್ಟಳು. ಆಮೇಲೆ ಮತ್ತೆ ಜಗ್ಗಿದಳು.

ಮರುದಿನ ಪ್ಯಾಂಟುಗಳನ್ನೂ ಸ್ಕರ್ಟನ್ನೂ ಬೀದಿ ಕೊನೆಯ ಟೈಲರ್ ಬಳಿ ಒಯ್ದಳು. “ಎರಡೂ ಬದಿ ಒಳಗೆ ಹಿಡಿದು ಹೊಲೀರಿ. ಉಳಿದ ಬಟ್ಟೆ ಕತ್ತರಿಸಿಬಿಡಿ.”

“ಕತ್ತರಿಸೋದ್ಯಾಕಮ್ಮ, ಒಳಗಡೆ ಇರಲಿ. ನಾಳೆ ಬೇಕಾದರೆ ಬಿಚ್ಕೋಬಹುದು.”

“ನಾಳೆ ಬೇಕಾಗಲ್ಲ. ಕತ್ತರಿಸಿ.”

ಅಲ್ಲಿಂದ ಗುಂಡಿಯ ನಡಿಗೆಯೇ ಬದಲಾಯಿತು. ತಿರಸ್ಕಾರ ಅವಳಲ್ಲಿ ಮೊದಲಿಂದಲೂ ಇತ್ತು, ಆದರೆ ಅದಕ್ಕೊಂದು ಅಧಿಕಾರ ಇರಲಿಲ್ಲ; ಈಗ ಅದೂ ಸಿಕ್ಕಿತು. ಬಸ್ಸಿನಲ್ಲಿ ಒಂದೂವರೆ ಸೀಟು ಹಿಡಿದು ಕೂತವರನ್ನು ಕಂಡರೆ ಮೂಗು ಮುರಿದಳು. ಬೇಕರಿಯ ಮುಂದೆ ಕ್ರೀಮ್ ಬನ್ನು ಕಚ್ಚುತ್ತ ನಿಂತವರನ್ನು ಕಂಡು, ತಿನ್ನಿ, ತಿನ್ನಿ, ನಾಳೆ ಅಳೋರು ನೀವೇ, ಅಂದುಕೊಂಡಳು. ಆರು ತಿಂಗಳ ಹಿಂದೆ ಅದೇ ಜಾಗದಲ್ಲಿ ತಾನೇ ನಿಲ್ಲುತ್ತಿದ್ದದ್ದು ನೆನಪಾಗಲಿಲ್ಲ ಅಂತಲ್ಲ. ನೆನಪಾಗಿದ್ದಕ್ಕೇ ಇನ್ನಷ್ಟು ಮುರಿದಳು. ಅಮ್ಮ “ಯಾಕೇ ಹೀಗೆ ಬತ್ತಿಹೋಗಿದ್ದೀಯ? ಒಂದ್ಸಲ ರಕ್ತ ಪರೀಕ್ಷೆ ಮಾಡಿಸು,” ಅಂದಾಗ, ಹಿರಿಯ ಮಗಳು ಇಳಿದರೆ ಸಾಧನೆ, ನಾನು ಇಳಿದರೆ ಕಾಯಿಲೆ, ಅಂತ ಹಲ್ಲು ಕಡಿದಳು.

ಒಂದು ದಿನ ಅವಳು ಆ ಕಂದು ಕೋಟನ್ನು ಮಡಚಿ ಸ್ಕೂಲಿಗೆ ಒಯ್ದು ಕ್ಯಾಷಿಯರಮ್ಮನ ಕೌಂಟರಿನ ಮೇಲಿಟ್ಟಳು. ಕೋಟನ್ನು ಚಿಕ್ಕದು ಮಾಡುವುದು ತನ್ನಿಂದಾಗದು ಅಂತ ಟೈಲರ್ ವಾಪಸ್ಸು ಕೊಟ್ಟಿದ್ದ.

“ನನಗೆ ದೊಗಳೆ ಆಗಿಬಿಟ್ಟಿದೆ. ನಿಮಗೆ ಸರಿಯಾಗಿ ಕೂರುತ್ತೆ,” ಅಂದಳು.

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ಅದು ಕೇಳಿಸಿತು. ಕ್ಯಾಷಿಯರಮ್ಮ ಕೋಟನ್ನು ನೋಡಲೇ ಇಲ್ಲ; ಗುಂಡಿಯನ್ನೇ ತಲೆಯಿಂದ ಕಾಲಿನವರೆಗೆ, ಕಾಲಿಂದ ತಲೆಯವರೆಗೆ ಒಮ್ಮೆ ನೋಡಿ, “ಥ್ಯಾಂಕ್ಸ್,” ಅಂದಳು. ಮರುದಿನ ಬೆಳಿಗ್ಗೆ ಹೊರಗೆ ನಿಲ್ಲಿಸಿದ್ದ ಕ್ಯಾಷಿಯರಮ್ಮನ ಸ್ಕೂಟರಿನ ಹರಿದ ಸೀಟಿನ ಮೇಲೆ ಕಂದು ಉಣ್ಣೆಯ ಹೊದಿಕೆಯೊಂದು ಬಿಗಿಯಾಗಿ ಕೂತಿತ್ತು. ಕೋಟಿನ ತೋಳುಗಳನ್ನು ಅಡಿಯಿಂದ ತಂದು ಗಂಟು ಹಾಕಿದ್ದಳು.

“ನೀವು ಹೇಳಿದ್ದು ನಿಜ,” ಅಂದಳು ಕ್ಯಾಷಿಯರಮ್ಮ, ನೋಟು ಎಣಿಸುವುದನ್ನು ನಿಲ್ಲಿಸದೆ. “ಎಷ್ಟು ಸರಿಯಾಗಿ ಕೂತಿದೆ ನೋಡಿ.”

ನೀರಿನ ಲೋಟ ಆವತ್ತಿಂದ ನಿಂತಿತು.

ಅಕ್ಕ ಈ ನಡುವೆ ಕಾಣಿಸಿರಲೇ ಇಲ್ಲ. ಫೋನು ಬರುತ್ತಿತ್ತು, ಅಂದರೆ ಏರಿದ್ದಾಳೆ ಅಂತ ಅರ್ಥ. ಗುಂಡಿ ದಿನ ಎಣಿಸುವವಳ ಹಾಗೆ ಕಾದಳು. ಯಾವಾಗ ಬಂದಾಳು, ಯಾವಾಗ ನೋಡಿಯಾಳು. ಕನಸಿನಲ್ಲೂ ಆ ಕ್ಷಣವನ್ನು ಹೊಲಿದು ಹೊಲಿದು ಇಟ್ಟಿದ್ದಳು.

ಮೊದಲು ಬಂದದ್ದು ಭಾವ. ಮೆಟ್ಟಿಲು ಹತ್ತಿ ಬಂದು, ಉಸಿರು ಹಿಡಿಯಲು ಕುರ್ಚಿಯಲ್ಲಿ ಕೂತು, ಬೆವರು ಒರೆಸಿಕೊಂಡು, ಬಂದ ವಿಷಯ ಬಿಟ್ಟು ಎಲ್ಲ ಮಾತಾಡಿದ. ಊರಾಚೆ ಇನ್ನೊಂದು ದೊಡ್ಡ ಅಂಗಡಿ ತೆರೆಯುತ್ತಿದ್ದಾನೆ, ನೂರಾರು ಜನ ಬರುತ್ತಾರೆ, ಫೋಟೋದವರು ಬರುತ್ತಾರೆ. ಕೊನೆಗೆ, “ಆ ಕಂದು ಕೋಟಿನ ಜೇಬಲ್ಲಿ ನಿಮ್ಮಕ್ಕ ಏನೋ ಬಿಟ್ಟಿದ್ದಾಳಂತೆ. ಕೋಟನ್ನೇ ಕೊಟ್ಟುಬಿಡು, ಅವಳೇ ಹುಡುಕ್ಕೋತಾಳೆ,” ಅಂದ.

“ಏನು ಬಿಟ್ಟಿದ್ದಾಳೆ ಭಾವ?”

“ಅದು... ಕೀಲಿಕೈ ಇರಬೇಕು.”

“ಎಂಟು ತಿಂಗಳು ಬಾಗಿಲು ಹೇಗೆ ತೆಗೀತಿದ್ರಿ?”

ಭಾವ ಎದ್ದು ನಿಂತು, “ನನಗೇನು ಗೊತ್ತಮ್ಮ, ಹೇಳಿ ಕಳಿಸಿದ್ದಾಳೆ,” ಅಂತ ಜಾಗ ಖಾಲಿ ಮಾಡಿದ. ಸುಳ್ಳು ಹೇಳಲೂ ಬಾರದ ಗಂಡಸು, ಇನ್ನು ಮಂಚ ಹೇಗೆ ಮಾರುತ್ತಾನೋ, ಅಂದುಕೊಂಡಳು ಗುಂಡಿ. ಏರಿದ ಅಳತೆಗೆ ಹೊಸದು ಕೊಳ್ಳಲು ನಾಚಿ ಅಕ್ಕ ಹಳೆಯದನ್ನೇ ಕೇಳಿಕಳಿಸಿದ್ದಾಳೆ ಅಂತ ಅವಳಿಗೆ ಆಗಲೇ ಹೊಳೆದಿತ್ತು. ಎದುರಿಗೆ ನಿಂತವಳು ಅರ್ಧವಾಗಿದ್ದಾಳೆ ಅನ್ನುವುದು ಅವನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಎರಡು ದಿನ ಬಿಟ್ಟು ಅಕ್ಕನೇ ಬಂದಳು. ಬಿಸಿಲಿನಲ್ಲೂ ಮೊಣಕಾಲವರೆಗೆ ಬರುವ ಅಗಲವಾದ ಸ್ವೆಟರು. ಮುಖ ಉಬ್ಬಿತ್ತು, ಕೆನ್ನೆ ಕೆಂಪಗಾಗಿತ್ತು. ಗುಂಡಿ ಬೇಕೆಂದೇ ಎದ್ದು ಕೋಣೆಯ ಆ ಕೊನೆಯಿಂದ ಈ ಕೊನೆಗೆ ನಡೆದು ಕಿಟಕಿ ತೆರೆದಳು, ಮತ್ತೆ ನಡೆದು ಬಂದು ಫ್ಯಾನು ಹಾಕಿದಳು. ಕರಿ ಪ್ಯಾಂಟು ಅವಳ ಸೊಂಟಕ್ಕೆ ಅಂಟಿಕೊಂಡಂತಿತ್ತು.

ಅಕ್ಕ ನೋಡಿದಳು. ಅಂಗಡಿಯವನು ನಕಲಿ ನೋಟನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ನೋಡಿದಳು.

“ಅದು ನನ್ನ ಪ್ಯಾಂಟಲ್ಲವಾ?”

“ಹೂಂ.”

“ಒಗೆದೂ ಒಗೆದೂ ಬಟ್ಟೆ ಕುಗ್ಗಿದೆ.”

“ಬಟ್ಟೆ ಕುಗ್ಗಿದ್ದಿದ್ರೆ ನನಗೆ ಹತ್ತುತ್ತಿರಲಿಲ್ಲ ಅಕ್ಕ.”

ಅಕ್ಕ ಅದನ್ನು ನುಂಗಿಕೊಂಡಳು. “ಕೋಟು ಎಲ್ಲಿ?”

“ಕೊಟ್ಟುಬಿಟ್ಟೆ.”

“ಕೊಟ್ಟುಬಿಟ್ಟೆಯಾ? ಅಷ್ಟು ಒಳ್ಳೇ ಕೋಟು! ಯಾಕೆ?”

“ನನಗೆ ದೊಗಳೆ ಆಗಿಬಿಟ್ಟಿತ್ತು ಕಣೇ,” ಅಂದಳು ಗುಂಡಿ.

ಎಷ್ಟೋ ವರ್ಷದಿಂದ ಹಲ್ಲಿನ ಹಿಂದೆ ಇಟ್ಟುಕೊಂಡಿದ್ದ ಮಾತು ಅದು. ಹೊರಗೆ ಬಂದ ಮೇಲೆ ನಾಲಗೆ ಮೇಲೆ ಸಿಹಿ ಉಳಿಯಬೇಕಿತ್ತು. ಉಳಿಯಿತು ಕೂಡ, ಸ್ವಲ್ಪ ಹೊತ್ತು.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಹೊಟ್ಟೆ ಕರಗಿದರೂ ಹೊಟ್ಟೆಕಿಚ್ಚು ಕರಗಲ್ಲ ನಿಮಗೆ, ಇಬ್ಬರಿಗೂ,” ಅಂದಳು. ಇಬ್ಬರೂ ಅವಳ ಕಡೆ ತಿರುಗಿ ನೋಡಲಿಲ್ಲ.

“ಹಾಗಾದ್ರೆ ಆ ಬೂದು ಸ್ಕರ್ಟಾದರೂ ಕೊಡು,” ಅಂದಳು ಅಕ್ಕ. “ಅದು ನನಗೆ ಆಗುತ್ತೆ.”

“ಆಗಲ್ಲ ಅಕ್ಕ. ಒಳಗೆ ಹಿಡಿಸಿದ್ದೀನಿ.”

“ಆಗುತ್ತೆ ಅಂದ್ನಲ್ಲ!”

ಸ್ಕರ್ಟು ಕಿತ್ತುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೊದಲು ಮಂಚ ಕಿರುಗುಟ್ಟಿತು. ಆಮೇಲೆ ನೆಲ ಕುಟ್ಟಿದ ಸದ್ದು, ಅವಳು ಕುಪ್ಪಳಿಸುತ್ತಿದ್ದಾಳೆ ಅಂತ ಕಾಣುತ್ತದೆ. ಗುಂಡಿ ಹೊರಗೆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಕೇಳಿಸಿಕೊಂಡಳು. ಇಂಥ ಸಂಗೀತ ಅವಳು ಎಂದೂ ಕೇಳಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಸದ್ದು ನಿಂತಿತು. ಬಾಗಿಲ ಹಿಂದಿಂದ ಸಣ್ಣ ದನಿಯಲ್ಲಿ, “ಗುಂಡೀ, ಬಾರೇ ಇಲ್ಲಿ,” ಅಂತ ಕೇಳಿಸಿತು.

ಅಕ್ಕ ಮಂಚದ ಮೇಲೆ ಅಂಗಾತ ಮಲಗಿದ್ದಳು. ಸ್ಕರ್ಟು ಹೇಗೋ ಸೊಂಟದವರೆಗೆ ಏರಿತ್ತು. ಜಿಪ್ಪು ಅರ್ಧಕ್ಕೆ ಹತ್ತಿ, ಒಳಬಟ್ಟೆಯನ್ನು ಕಚ್ಚಿಕೊಂಡು, ಮೇಲೂ ಹೋಗದೆ ಕೆಳಗೂ ಬರದೆ ನಿಂತಿತ್ತು. ಅವಳ ಮುಖ ಬೆವರಿನಿಂದ ಒದ್ದೆ.

ಗುಂಡಿ ಜಿಪ್ಪಿನ ಹಲ್ಲಿಗೆ ಸಾಬೂನು ಉಜ್ಜಿದಳು. ಜಗ್ಗಿದಳು. ಇಕ್ಕುಳ ತಂದು ಎಳೆದಳು. ಅದು ಜಪ್ಪಯ್ಯ ಅನ್ನಲಿಲ್ಲ.

“ಉಸಿರು ಒಳಗೆ ಎಳ್ಕೋ.”

“ಎಳ್ಕೊಂಡೇ ಇದ್ದೀನಿ. ಇನ್ನೂ ಎಳ್ಕೊಂಡ್ರೆ ಸಾಯ್ತೀನಿ,” ಅಂದಳು ಅಕ್ಕ. ಆಮೇಲೆ ಚಾವಣಿಯನ್ನೇ ನೋಡುತ್ತ, “ನಗಬೇಕು ಅಂತಿದ್ರೆ ನಕ್ಕುಬಿಡು. ಹಾಗೆ ತುಟಿ ಕಚ್ಕೋಬೇಡ. ಅಸಹ್ಯವಾಗಿ ಕಾಣುತ್ತೆ.”

“ನಗ್ತಿಲ್ಲ.”

“ನಗ್ತೀಯ. ನಾನಾಗಿದ್ರೂ ನಗ್ತಿದ್ದೆ.” ತಲೆಯನ್ನು ಇವಳ ಕಡೆ ಹೊರಳಿಸಿ, “ಎಷ್ಟು ಇಳಿಸಿದ್ದೀಯೇ? ಬಾಗಿಲಲ್ಲೇ ನೋಡಿದೆ. ಸೊಂಟದಲ್ಲಿ ಅಂಗೈ ಅಗಲ ಹೋಗಿದೆ, ತೋಳಲ್ಲೂ ಹೋಗಿದೆ. ಕುತ್ತಿಗೆ ಮೂಳೆ ಕಾಣ್ತಿದೆ.”

ಗುಂಡಿಯ ಕೈ ನಿಂತಿತು. ಎಂಟು ತಿಂಗಳಲ್ಲಿ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ.

“ಇಳಿದಾಗಲೆಲ್ಲ ನಾನು ನಿನ್ನ ಹತ್ತಿರಾನೇ ಬರ್ತಿದ್ದೆನಲ್ಲ, ಯಾಕೆ ಗೊತ್ತಾ?” ಅಂದಳು ಅಕ್ಕ. “ಇನ್ಯಾರಿಗೆ ತೋರಿಸ್ಲಿ? ನಮ್ಮವರು ಕಪಾಟಿನ ಅಳತೆ ಬಾಯಲ್ಲೇ ಹೇಳ್ತಾರೆ, ಹೆಂಡತಿ ಹದಿನೈದು ಕೆಜಿ ಕಳ್ಕೊಂಡ್ರೆ ಗೊತ್ತಾಗಲ್ಲ. ನಿನಗೆ ಗೊತ್ತಾಗ್ತಿತ್ತು. ನೀನು ಹೊಟ್ಟೆ ಉರ್ಕೊಂಡು ನೋಡ್ತಿದ್ಯಲ್ಲ, ಅದರಲ್ಲೇ ಗೊತ್ತಾಗ್ತಿತ್ತು ಎಷ್ಟು ಇಳಿದಿದ್ದೀನಿ ಅಂತ.”

ಎಂಥ ಕೊಳಕು ಮಾತು, ಅನ್ನಿಸಿತು ಗುಂಡಿಗೆ. ತನ್ನ ಹೊಟ್ಟೆಯುರಿಯನ್ನು ಇವಳು ತಕ್ಕಡಿ ಮಾಡಿಕೊಂಡಿದ್ದಳು. ಅದಕ್ಕಿಂತ ಕೊಳಕಾದದ್ದು ಮರುಕ್ಷಣ ಹೊಳೆಯಿತು: ತಾನು ಕಿಟಕಿ ತೆರೆಯಲು ನಡೆದುಹೋದದ್ದು ಗಾಳಿಗಂತೂ ಅಲ್ಲ. ಅಕ್ಕನ ಮೇಲೆ ಇಷ್ಟು ವರ್ಷ ಸುರಿದ ತಿರಸ್ಕಾರದಲ್ಲಿ ಒಂದು ಹಿಡಿ ತೆಗೆದು ತನ್ನ ತಲೆ ಮೇಲೂ ಹಾಕಿಕೊಂಡಳು. ಹಾಕಿಕೊಂಡು, ಕತ್ತರಿ ತಂದಳು.

“ಕತ್ತರಿಸ್ತೀನಿ. ಅಲ್ಲಾಡಬೇಡ.”

“ಒಳ್ಳೇ ಬಟ್ಟೆ ಕಣೇ.”

“ಒಳ್ಳೇ ಬಟ್ಟೆ ಒಳಗೇ ಇರ್ತೀಯಾ ಹಾಗಾದ್ರೆ?”

ಕತ್ತರಿಸಿದಳು. ಅಕ್ಕ ಉಸಿರು ಬಿಟ್ಟ ಸದ್ದು ಅಡುಗೆಮನೆಗೂ ಕೇಳಿಸಿರಬೇಕು. ಹೊಟ್ಟೆಯ ಸುತ್ತ ಕೆಂಪನೆ ಗೆರೆ ಎದ್ದಿತ್ತು. ಗುಂಡಿ ಅದನ್ನು ನೋಡಿಯೂ ನೋಡದವಳ ಹಾಗೆ ಹೊರಗೆ ಹೋದಳು.

ಹೊಸ ಅಂಗಡಿ ತೆರೆದ ಸಂಜೆ ಅಮ್ಮನ ಬಲವಂತಕ್ಕೆ ಗುಂಡಿಯೂ ಹೋದಳು. ಸಾಲು ಸಾಲು ಸೋಫಾಗಳ ನಡುವೆ ಜನ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೇಕ್ ಹಿಡಿದು ನಿಂತಿದ್ದರು. ಪಾಲಿಥೀನು ಇನ್ನೂ ತೆಗೆಯದ ಸೋಫಾಗಳ ಮೇಲೆ ಕೂತವರು ಅಲ್ಲಾಡಿದರೆ ಚರಪರ ಸದ್ದು. ಅಕ್ಕ ನೀಲಿ ಬಣ್ಣದ ಹೊಸ ಉಡುಪಿನಲ್ಲಿದ್ದಳು, ಅಗಲವಾದದ್ದು, ಮೈಗೆ ಸರಿಯಾದದ್ದು. ಚೆನ್ನಾಗಿಯೇ ಕಾಣುತ್ತಿದ್ದಳು. ಗುಂಡಿ ಅದನ್ನು ಗಮನಿಸಿದಳು.

ಫೋಟೋಕ್ಕೆ ನಿಲ್ಲುವಾಗ ಭಾವನ ಕಣ್ಣು ಅಂತೂ ತೆರೆಯಿತು.

“ಏ, ಇವಳ್ಯಾರು! ನಮ್ಮ ಗುಂಡಿನಾ?” ಅಂತ ಹತ್ತು ಜನ ತಿರುಗುವ ಹಾಗೆ ಕೂಗಿದ. “ನೋಡ್ರೀ, ಹೇಗೆ ಕಡ್ಡಿ ಆಗಿದ್ದಾಳೆ!” ಆಮೇಲೆ ಹೆಂಡತಿಯ ಹೆಗಲು ತಟ್ಟಿ, “ತಂಗಿ ನೋಡಿ ಕಲಿ. ನಿನ್ನ ಕೂರಿಸೋಕೆ ನಾನು ಸೋಫಾ ಬೇರೆ ಮಾಡಿಸಬೇಕು.”

ಬಂದವರು ನಕ್ಕರು. ಅಂಗಡಿ ಯಜಮಾನನ ಜೋಕಿಗೆ ನಗದಿದ್ದರೆ ಕೇಕಿನ ಋಣ ತೀರುವುದಿಲ್ಲವಲ್ಲ. ಅಕ್ಕನೂ ನಕ್ಕಳು, ಹಲ್ಲು ಮಾತ್ರ.

ಹುಟ್ಟಿದಾಗಿಂದ ಗುಂಡಿ ಕಾದಿದ್ದ ಮಾತು ಅದೇ, ಅಕ್ಕನ ಎದುರೇ, ಜನರ ಎದುರೇ. ಬಂದದ್ದು ಇಂಥ ಬಾಯಿಂದ. ಅವಳು ಭಾವನನ್ನು ನೋಡಿದಳು. ಹೊಸ ಬಿಳಿ ಅಂಗಿ, ಅದರೊಳಗೆ ತುರುಕಿದ ಹೊಟ್ಟೆ, ಹೊಟ್ಟೆಯ ನಡುವೆ ದಾರದ ಮೇಲೆ ಜೀವ ಹಿಡಿದುಕೊಂಡಿದ್ದ ಒಂದು ಗುಂಡಿ.

“ಭಾವ, ಸ್ವಲ್ಪ ದೂರ ನಿಂತ್ಕೊಳ್ಳಿ,” ಅಂದಳು.

“ಯಾಕಮ್ಮಾ?”

“ನಿಮ್ಮ ಅಂಗಿ ಗುಂಡಿ ಆಗಲಿಂದ ಕ್ಯಾಮೆರಾಗೇ ಗುರಿ ಇಟ್ಟಿದೆ. ಹಾರಿ ಬಂದು ಫೋಟೋದವರ ಕಣ್ಣು ಹೋದ್ರೆ, ತೆರೆದ ದಿನವೇ ಅಂಗಡಿ ಮುಚ್ಚಬೇಕಾಗುತ್ತೆ.”

ಈ ಸಲ ಜನ ನಕ್ಕದ್ದು ಋಣಕ್ಕಲ್ಲ. ಫೋಟೋದವನೂ ಕ್ಯಾಮೆರಾ ಇಳಿಸಿ ನಕ್ಕ. ಭಾವನ ಕೈ ತಾನಾಗಿ ಹೊಟ್ಟೆಯ ಮೇಲೆ ಬಂತು.

ಗುಂಡಿ ಅಕ್ಕನ ಕಡೆ ನೋಡಿದಳು. ಒಂದು ಕೃತಜ್ಞತೆ, ಒಂದು ಕಳ್ಳ ನಗು, ಏನೋ ಒಂದು ಸಿಗಬಹುದು ಅಂದುಕೊಂಡಿದ್ದಳು. ಅಕ್ಕ ಅವಳ ಮೊಣಕೈ ಹಿಡಿದು ಒಂದು ಕಪಾಟಿನ ಹಿಂದಕ್ಕೆ ಎಳೆದೊಯ್ದಳು.

“ನಾಲಗೆ ಬಿಗಿ ಹಿಡಿ. ನಾಲ್ಕು ಜನರ ಎದುರು ನನ್ನ ಗಂಡನಿಗೆ ಹಾಗಂತೀಯಾ? ಮೈ ಇಳೀತು ಅಂತ ಕೊಬ್ಬು ತಲೆಗೇರಿದೆ ನಿನಗೆ.”

“ಅವರು ನಿನಗೆ ಅಂದಿದ್ದು?”

“ಅದು ನಮ್ಮನೆ ವಿಷಯ. ನನ್ನ ಪರ ವಕಾಲತ್ತು ಮಾಡು ಅಂತ ನಿನ್ನ ಯಾರು ಕೇಳಿದ್ರು?”

“ಯಾರೂ ಕೇಳಲಿಲ್ಲ,” ಅಂದಳು ಗುಂಡಿ. “ತಪ್ಪಾಯ್ತು. ನೀವಿಬ್ಬರೂ ಒಬ್ಬರಿಗೊಬ್ಬರು ಸರಿಯಾಗಿ ಕೂರ್ತೀರ.”

ಅಮ್ಮನನ್ನು ಅಲ್ಲೇ ಬಿಟ್ಟು ಒಬ್ಬಳೇ ಬಸ್ಸು ಹಿಡಿದು ಮನೆಗೆ ಬಂದಳು.

ಮುಂದೆ ಅಕ್ಕನ ಫೋನು ಅಮ್ಮನಿಗೆ ಬರುತ್ತಿತ್ತು, ಗುಂಡಿಗಲ್ಲ. ಚೀಲ ಬರುವುದಂತೂ ನಿಂತೇಹೋಯಿತು. ಕರಿ ಪ್ಯಾಂಟಿನ ಮೊಣಕಾಲು ಸವೆದು ಬಿಳುಪಾಯಿತು, ಇನ್ನೊಂದರ ಹೊಲಿಗೆ ಬಿಟ್ಟಿತು, ಒಳಗಿನದನ್ನೆಲ್ಲ ಕತ್ತರಿಸಿಬಿಟ್ಟಿದ್ದರಿಂದ ಮತ್ತೆ ಹೊಲಿಯಲು ಬಟ್ಟೆಯೇ ಇರಲಿಲ್ಲ. ಹಾಗಾಗಿ ಗುಂಡಿ ಒಂದು ಸಂಜೆ ಸ್ಕೂಲು ಮುಗಿಸಿ ರೆಡಿಮೇಡ್ ಬಟ್ಟೆಯಂಗಡಿಗೆ ಹೋದಳು.

“ಯಾವ ಸೈಜು ಮೇಡಂ?” ಅಂದಳು ಸೇಲ್ಸ್ ಹುಡುಗಿ.

ಅಕ್ಕನ ಸೈಜು ಗುಂಡಿಗೆ ಬಾಯಿಪಾಠ; ಏರಿದಾಗ ಎಷ್ಟು, ಇಳಿದಾಗ ಎಷ್ಟು, ಎರಡೂ. ತನ್ನದು ಗೊತ್ತಿರಲಿಲ್ಲ.

“ಅಳತೆ ತಗೊಳ್ಳಿ,” ಅಂದಳು ಗಂಭೀರವಾಗಿ, ಹುಡುಗಿಯದೇ ತಪ್ಪು ಅನ್ನುವ ಹಾಗೆ.

ಹುಡುಗಿ ಟೇಪು ಸುತ್ತಿ, ಒಂದು ಸೈಜು ಕಡಿಮೆಯ ಪ್ಯಾಂಟನ್ನೇ ತಂದು, “ಇದೇ ಹಿಡಿಯುತ್ತೆ ಮೇಡಂ, ನೀವು ಸಣ್ಣ ಇದ್ದೀರ,” ಅಂದಳು. ಎಲ್ಲರಿಗೂ ಹೇಳುವ ಮಾತು ಅಂತ ಗುಂಡಿಗೆ ತಿಳಿಯದೇ ಇರಲಿಲ್ಲ. ಆದರೂ ಅದನ್ನೇ ಮೊದಲು ತೊಟ್ಟು ನೋಡಿದಳು. ನಿಂತರೆ ಚೆಂದ, ಬಗ್ಗಿದರೆ ಉಸಿರಿಲ್ಲ. ಬಿಚ್ಚಿ ಎಸೆದು, ಅಳತೆಯದನ್ನೇ ತರಿಸಿ ಹಾಕಿಕೊಂಡು, ಪರದೆಯಾಚೆ ಉದ್ದ ಕನ್ನಡಿಯ ಮುಂದೆ ಬಂದು ನಿಂತಳು. ಗಿಳಿಹಸಿರು ಬಣ್ಣ. ಅಕ್ಕ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಪಕ್ಕದ ಪರದೆಯಿಂದ ಒಬ್ಬ ದಪ್ಪ ಹೆಂಗಸು ಬಿಗಿಯಾದ ಕೆಂಪು ಅಂಗಿಯಲ್ಲಿ ಹೊರಬಂದು, ಬೆನ್ನು ತಿರುಗಿಸಿ, “ಹಿಂದುಗಡೆ ಹೇಗಿದೆ, ಸ್ವಲ್ಪ ನೋಡಿ ಹೇಳ್ತೀರಾ?” ಅಂದಳು.

ಗುಂಡಿಯ ನಾಲಗೆಯ ತುದಿಗೆ ಮೂರು ಮಾತು ಬಂದವು, ಮೂರೂ ಚುಚ್ಚುವಂಥವು. ಮೂರನ್ನೂ ನುಂಗಿ, ಇದ್ದದ್ದನ್ನು ಹೇಳಿದಳು. “ಎಳೀತಿದೆ. ಒಂದು ಸೈಜು ದೊಡ್ಡದು ತಗೊಳ್ಳಿ, ಬಣ್ಣ ನಿಮಗೆ ಒಪ್ಪುತ್ತೆ.”

ಹೆಂಗಸಿನ ಮುಖ ಗಂಟಿಕ್ಕಿತು. “ನಿಮ್ಮನ್ನ ಕೇಳಿದ್ದೇ ನನ್ನ ತಪ್ಪು,” ಅಂತ ಪರದೆ ಎಳೆದುಕೊಂಡಳು.

“ಒಳ್ಳೆ ಮಾತಿಗೆ ಕಾಲವಿಲ್ಲ,” ಅಂದಳು ಗುಂಡಿ ಪರದೆಗೆ ಕೇಳಿಸುವ ಹಾಗೆ. ಹಸಿರು ಪ್ಯಾಂಟನ್ನು ಬಿಚ್ಚದೆ, ಹಾಗೇ ಹಾಕಿಕೊಂಡು, ಹಳೆಯದನ್ನು ಕಂಕುಳಲ್ಲಿ ಇರುಕಿಕೊಂಡು ಬಿಲ್ಲಿನ ಕಡೆಗೆ ನಡೆದಳು.